ಗಾಲ್ಫ್ ಡ್ರೈವರ್ ವೇಗ 88ರಲ್ಲೇ ನಿಂತಿದೆ, ಏರಿಸುವುದು ಹೇಗೆ?

ಪ್ರಶ್ನೆ: ಸರ್, ವಯಸ್ಸು 43, ಬಲಗೈ ಆಟ, ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕಿ, ಕಡಿಮೆಯಿದ್ದಷ್ಟೂ ಒಳ್ಳೆಯದು) 18. ವೇಗ ಅಳೆಯುವ ಲಾಂಚ್ ಮಾನಿಟರ್‌ನಲ್ಲಿ ಡ್ರೈವರ್‌ನ (ದೂರ ಹೊಡೆಯುವ ಉದ್ದದ ಕ್ಲಬ್) ಕ್ಲಬ್‌ಹೆಡ್ ವೇಗ ಗಂಟೆಗೆ 88 ಮೈಲಿ, ಚೆಂಡಿನ ವೇಗ 122 ಎಂದು ಬರುತ್ತದೆ. ಜೋರಾಗಿ ಹೊಡೆಯಲು ಹೋದರೆ ವೇಗ ಏರುವುದಿಲ್ಲ, ಚೆಂಡು ಮಾತ್ರ ಬಲಕ್ಕೆ ಸ್ಲೈಸ್ ಆಗುತ್ತದೆ. 95ಕ್ಕೆ ತರಲು ಏನು ಮಾಡಬೇಕು? ಉದ್ದದ ಶಾಫ್ಟ್ (ಕ್ಲಬ್‌ನ ಕೋಲು) ಹಾಕಿಸಲೇ?

ಕೋಚ್: ಶಾಫ್ಟ್ ವಿಚಾರ ಕೊನೆಗೆ ನೋಡೋಣ. ಮೊದಲು ನೀವು ಕೊಟ್ಟ ಎರಡು ಅಂಕಿ. 122ನ್ನು 88ರಿಂದ ಭಾಗಿಸಿದರೆ 1.39. ಇದೇ ಸ್ಮ್ಯಾಶ್ ಫ್ಯಾಕ್ಟರ್: ಕ್ಲಬ್‌ನ ವೇಗ ಚೆಂಡಿಗೆ ಎಷ್ಟು ದಾಟಿತು ಎಂಬ ಲೆಕ್ಕ. ಡ್ರೈವರ್‌ನಲ್ಲಿ ಇದರ ಮಿತಿ ಸುಮಾರು 1.5. ಇದೇ 88ರಲ್ಲಿ 1.46 ಸಿಕ್ಕರೆ ಚೆಂಡಿನ ವೇಗ 128 ದಾಟುತ್ತದೆ. ಚೆಂಡಿನ ವೇಗದಲ್ಲಿ ಒಂದು ಮೈಲಿ ಏರಿದರೆ ಹೆಚ್ಚುಕಡಿಮೆ 2 ಯಾರ್ಡ್ ದೂರ. ಸ್ವಿಂಗ್ ಚೂರೂ ವೇಗವಾಗದೆ 12 ಯಾರ್ಡ್ ಕೈಗೆ ಬಂತು.

ಫೇಸ್‌ನ (ಹೆಡ್‌ನ ಹೊಡೆಯುವ ಮುಖ) ಯಾವ ಜಾಗಕ್ಕೆ ಚೆಂಡು ತಾಗುತ್ತಿದೆ ಎಂದು ತಿಳಿಯಲು ಮೆಷಿನ್ ಬೇಡ. ಚೆಂಡಿನ ಹಿಂಭಾಗಕ್ಕೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ದಪ್ಪ ಚುಕ್ಕೆ ಇಟ್ಟು, ಅದು ಫೇಸ್‌ಗೆ ಎದುರಾಗುವಂತೆ ಟೀ (ಚೆಂಡು ಕೂರಿಸುವ ಮೊಳೆ) ಮೇಲೆ ಕೂರಿಸಿ ಹೊಡೆಯಿರಿ. ಫೇಸ್ ಮೇಲೆ ಅಚ್ಚು ಬೀಳುತ್ತದೆ. ಪ್ರತಿ ಹೊಡೆತದ ನಂತರ ಒರೆಸಿ, ಹತ್ತು ಚೆಂಡು ಹೊಡೆದು ನೋಡಿ. ಸ್ಲೈಸ್ ಇರುವವರಿಗೆ ಅಚ್ಚು ಹೆಚ್ಚಾಗಿ ಹೀಲ್ (ಶಾಫ್ಟ್ ಸೇರುವ ತುದಿ) ಕಡೆ ಬೀಳುತ್ತದೆ. ಹೀಲ್‌ಗೆ ತಾಗಿದರೆ ವೇಗವೂ ಸೋರುತ್ತದೆ, ಬಲಕ್ಕೆ ತಿರುಗುವ ಸ್ಪಿನ್ನೂ ಹೆಚ್ಚುತ್ತದೆ. ಫೇಸ್‌ನ ಕೆಳಭಾಗಕ್ಕೆ ತಾಗುತ್ತಿದ್ದರೆ ಟೀ ಎತ್ತರಿಸಿ: ಡ್ರೈವರ್ ನೆಲಕ್ಕಿಟ್ಟಾಗ ಅರ್ಧ ಚೆಂಡು ಅದರ ಮೇಲೆ ಕಾಣಬೇಕು.

ಈಗ ವೇಗದ ಮಾತು. ಜೋರು ಮಾಡಿದಾಗ ನಿಮ್ಮ ವೇಗ ಏರದಿರುವುದಕ್ಕೂ ಸ್ಲೈಸ್‌ಗೂ ಕಾರಣ ಒಂದೇ ಇರುವಂತಿದೆ: ಡೌನ್‌ಸ್ವಿಂಗ್ ಭುಜದಿಂದ ಶುರುವಾಗುತ್ತಿದೆ. ಸೌದೆ ಸೀಳುವ ಹಾಗೆ ಮೇಲಿನಿಂದ ಬೀಸಿದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಬರುತ್ತದೆ, ಮಣಿಕಟ್ಟಿನ ಮಡಿಕೆ ಅರ್ಧ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಚೆಂಡಿನ ಹತ್ತಿರ ಬರುವಷ್ಟರಲ್ಲಿ ಖರ್ಚು ಮಾಡಲು ಏನೂ ಉಳಿದಿರುವುದಿಲ್ಲ.

ಸರಿಯಾದ ಕ್ರಮ ಇದು: ಮೊದಲು ಸೊಂಟ, ಆಮೇಲೆ ಎದೆ, ಆಮೇಲೆ ಎಡಗೈ, ಕೊನೆಗೆ ಕ್ಲಬ್. ಒಂದೊಂದು ಭಾಗವೂ ತನ್ನ ಗರಿಷ್ಠ ವೇಗ ಮುಟ್ಟಿ ನಿಧಾನವಾಗುವಾಗ ಮುಂದಿನದು ಓಟ ಹಿಡಿಯುತ್ತದೆ. ಸೊಂಟ ಚೆಂಡು ತಾಗುವ ತನಕ ಜೋರಾಗಿ ತಿರುಗುತ್ತಲೇ ಇರಬೇಕು ಎಂದು ಹಲವರು ತಿಳಿದಿದ್ದಾರೆ. ಒಳ್ಳೆಯ ಆಟಗಾರರ ಅಳತೆಗಳಲ್ಲಿ ಅದು ಅಷ್ಟರೊಳಗೆ ನಿಧಾನವಾಗಿರುತ್ತದೆ.

ಈ ಕ್ರಮ ಮೈಗೆ ಹತ್ತಲು ಸ್ಟೆಪ್ ಡ್ರಿಲ್ ಮಾಡಿ. 7 ಐರನ್ ಕ್ಲಬ್ ಹಿಡಿದು ಎರಡೂ ಪಾದ ಜೋಡಿಸಿ ನಿಲ್ಲಿ. ಬ್ಯಾಕ್‌ಸ್ವಿಂಗ್ ಶುರುಮಾಡಿ, ಕ್ಲಬ್ ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಎಡಗಾಲನ್ನು ಗುರಿಯ ಕಡೆ ಇಟ್ಟು, ಅದರ ಮೇಲೆ ಭಾರ ಬಿಟ್ಟು ಹೊಡೆಯಿರಿ. ಕ್ಲಬ್ ಮೇಲೆ ಹೋಗಿ ನಿಂತ ಮೇಲೆ ಕಾಲಿಟ್ಟರೆ ಡ್ರಿಲ್ ವ್ಯರ್ಥ. ಎಡಗೈ ನೆಲಕ್ಕೆ ಸಮಾನಾಂತರವಾಗಿ ಕೆಳಗಿಳಿಯುವ ಹೊತ್ತಿಗೆ ಒತ್ತಡದ ಮುಕ್ಕಾಲು ಭಾಗ ಎಡಪಾದದಲ್ಲಿರಬೇಕು. ಅಲ್ಲಿಂದ ನೆಲವನ್ನು ಒದ್ದು ಎಡಮೊಣಕಾಲು ನೇರ ಮಾಡಿ. ಅದಕ್ಕಿಂತ ಮೊದಲೇ ನೇರ ಮಾಡಿದರೆ ಸೊಂಟ ಚೆಂಡಿನ ಕಡೆ ನುಗ್ಗಿ ಕೈಗೆ ಜಾಗವೇ ಇರುವುದಿಲ್ಲ.

ಇನ್ನು ಗ್ರಿಪ್. ನಿಮ್ಮ ಗ್ಲೌ ನೋಡಿ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕೆಳಗೆ ಸವೆದು ತೂತಾಗಿದ್ದರೆ ಕ್ಲಬ್ ಬೆರಳುಗಳಲ್ಲಿ ಇಲ್ಲ, ಅಂಗೈಯಲ್ಲಿದೆ. ಪ್ರತಿ ಹೊಡೆತಕ್ಕೂ ಜಾರುತ್ತಿದೆ. ಜಾರುವ ಕ್ಲಬ್ಬನ್ನು ಕೈ ತಾನಾಗಿ ಬಿಗಿಹಿಡಿಯುತ್ತದೆ, ಬಿಗಿ ಮುಂಗೈಯಲ್ಲಿ ಮಣಿಕಟ್ಟು ಮಡಿಯುವುದಿಲ್ಲ. ಹತ್ತರಲ್ಲಿ ನಾಲ್ಕರಷ್ಟು ಬಿಗಿ ಸಾಕು.

ಪ್ರಶ್ನೆ: ಥ್ಯಾಂಕ್ಸ್ ಸರ್. ಹಾಗಾದರೆ ಮಣಿಕಟ್ಟಿನ ಆ ಮಡಿಕೆಯನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳಬೇಕೇ? ವಿಡಿಯೊಗಳಲ್ಲಿ ಹಾಗೇ ಹೇಳುತ್ತಾರೆ.

ಕೋಚ್: ದಯವಿಟ್ಟು ಬೇಡ. ಬೇಕೆಂದೇ ಹಿಡಿದರೆ ಮುಂಗೈ ಬಿಗಿಯಾಗುತ್ತದೆ, ಫೇಸ್ ತೆರೆದೇ ಬರುತ್ತದೆ, ವೇಗವೂ ಇಳಿಯುತ್ತದೆ. ಕಾಲಿನಿಂದ ಕ್ರಮ ಸರಿಯಾದರೆ ಮಡಿಕೆ ತಾನಾಗಿ ಉಳಿಯುತ್ತದೆ, ತಾನಾಗಿ ಬಿಚ್ಚುತ್ತದೆ.

ಪರೀಕ್ಷೆ ಹೀಗೆ ಮಾಡಿ. ಡ್ರೈವರ್ ತಲೆಕೆಳಗೆ ಮಾಡಿ, ಹೆಡ್‌ಗೆ ಹತ್ತಿರ ಶಾಫ್ಟ್ ಹಿಡಿದು ಬೀಸಿ. ಸುಯ್ ಎಂಬ ಸದ್ದು ಎಲ್ಲಿ ಜೋರಾಗುತ್ತದೆ ಎಂದು ಕಿವಿಗೊಡಿ. ಬಲತೊಡೆಯ ಹತ್ತಿರವೇ ಕೇಳಿದರೆ ಬೇಗ ಬಿಚ್ಚುತ್ತಿದ್ದೀರಿ. ಚೆಂಡಿರುವ ಜಾಗದಲ್ಲೋ ಅದರಿಂದ ಸ್ವಲ್ಪ ಎಡಕ್ಕೋ ಕೇಳಬೇಕು. ಕಣ್ಣುಮುಚ್ಚಿ ಮಾಡಿದರೆ ಇನ್ನೂ ಸ್ಪಷ್ಟ.

ಇನ್ನೊಬ್ಬ ಸದಸ್ಯರು: ಬೇರೆಬೇರೆ ತೂಕದ ಕೋಲು ಬೀಸುವ ಓವರ್‌ಸ್ಪೀಡ್ ತರಬೇತಿಯಿಂದ ಉಪಯೋಗವಿದೆಯೇ ಸರ್?

ಕೋಚ್: ಇದೆ, ಶಿಸ್ತಾಗಿ ಮಾಡಿದರೆ. ಡ್ರೈವರ್ ಒಟ್ಟು ತೂಕ ಸುಮಾರು 310 ಗ್ರಾಂ ಎಂದಿಟ್ಟುಕೊಳ್ಳಿ. ಅದಕ್ಕಿಂತ 20% ಹಗುರದ್ದು, 10% ಹಗುರದ್ದು, 5% ಭಾರದ್ದು, ಅಂದರೆ ಸರಿಸುಮಾರು 250, 280, 325 ಗ್ರಾಂ. ಒಂದೊಂದರಲ್ಲೂ ಬಲಕ್ಕೆ ಐದು, ಎಡಕ್ಕೆ ಐದು, ಪೂರ್ತಿ ಶಕ್ತಿ ಹಾಕಿ. ಸೆಟ್‌ಗಳ ನಡುವೆ ಒಂದು ನಿಮಿಷ ಬಿಡುವು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಖಾಲಿ.

ಹೆಚ್ಚಿನವರು ಕೆಡುವುದು ಬಿಡುವಿನ ವಿಷಯದಲ್ಲಿ. ದಣಿದ ಮೈಯಲ್ಲಿ ಬೀಸಿದರೆ ನಿಧಾನದ ಸ್ವಿಂಗನ್ನೇ ಅಭ್ಯಾಸ ಮಾಡಿದ ಹಾಗೆ. ಸಣ್ಣ ರೇಡಾರ್ ಪಕ್ಕದಲ್ಲಿಟ್ಟುಕೊಂಡು, ಅಂಕಿ ಇಳಿಯತೊಡಗಿದ ಕೂಡಲೇ ಆ ದಿನಕ್ಕೆ ನಿಲ್ಲಿಸಿ. ಆ ಹೊತ್ತಿನಲ್ಲಿ ಚೆಂಡು ನೇರ ಹೋಗುವ ಚಿಂತೆಯೂ ಬೇಡ. ವೇಗದ ಅಭ್ಯಾಸ, ಗುರಿಯ ಅಭ್ಯಾಸ ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ.

ಮಂಗಳೂರಿನ ಸದಸ್ಯರು: ಬೆಂಗಳೂರಿನಲ್ಲಿ ಆಡಿದಾಗ 230 ಯಾರ್ಡ್ ಹೋಗುವುದು ನಮ್ಮ ಪಿಲಿಕುಳ ಕೋರ್ಸ್‌ನಲ್ಲಿ ಹೋಗುವುದೇ ಇಲ್ಲ. ವೇಗ ಕಡಿಮೆಯಾಗಿದೆಯೇ?

ಕೋಚ್: ಇಲ್ಲ, ಮಂಗಳೂರಿನಲ್ಲಿ ಗಾಳಿ ದಟ್ಟವಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದರಿಂದಲೇ ದೂರ 3ರಿಂದ 4% ಹೆಚ್ಚು. 230ಕ್ಕೆ ಏಳೆಂಟು ಯಾರ್ಡ್ ವ್ಯತ್ಯಾಸ ಸಹಜ. ಅಭ್ಯಾಸದ ರೇಂಜ್‌ನ ಹಳೆಯ ಚೆಂಡುಗಳನ್ನೂ ನಂಬಬೇಡಿ. ದೂರ ಅಳೆಯುವ ಬದಲು ಕ್ಲಬ್‌ಹೆಡ್ ವೇಗವನ್ನೇ ಬರೆದಿಡಿ.

ಮತ್ತೊಬ್ಬ ಸದಸ್ಯರು: ನನಗೆ 56. ಜೋರಾಗಿ ಬೀಸಿದ ಮರುದಿನ ಬೆನ್ನಿನ ಕೆಳಭಾಗ, ಬಲಗಡೆ ಹಿಡಿದುಕೊಳ್ಳುತ್ತದೆ. ಇದೆಲ್ಲ ನಮಗೆ ಆಗುತ್ತದೆಯೇ?

ಫಿಸಿಯೋ: ಮೊದಲು ಎಡಸೊಂಟ ನೋಡಿಕೊಳ್ಳಿ ಸರ್. ಕುರ್ಚಿಯಲ್ಲಿ ಕೂತು, ಮೊಣಕಾಲು ಅಲುಗಿಸದೆ, ಒಂದೊಂದೇ ಪಾದವನ್ನು ಹೊರಕ್ಕೆ ಸರಿಸಿ. ಎಡಪಾದ ಬಲದಷ್ಟು ಸರಿಯದಿದ್ದರೆ ಎಡಸೊಂಟದ ಕೀಲು ಒಳಕ್ಕೆ ಸಾಕಷ್ಟು ತಿರುಗುತ್ತಿಲ್ಲ. ಅಲ್ಲಿ ಸಿಗದ ತಿರುವನ್ನು ಬೆನ್ನು ಕೊಡಬೇಕಾಗುತ್ತದೆ, ನೋವು ಅಲ್ಲಿಂದ ಬರಬಹುದು. ಸೆಟಪ್‌ನಲ್ಲೇ (ಚೆಂಡಿನ ಮುಂದೆ ನಿಲ್ಲುವಾಗ) ಎಡಪಾದದ ತುದಿಯನ್ನು 25–30 ಡಿಗ್ರಿ ಹೊರಕ್ಕೆ ತಿರುಗಿಸಿ. ಬ್ಯಾಕ್‌ಸ್ವಿಂಗ್‌ನಲ್ಲಿ ಎಡಹಿಮ್ಮಡಿ ಏಳಲಿ, ಅದನ್ನು ನೆಲಕ್ಕೆ ಅಂಟಿಸಿಕೊಳ್ಳಬೇಡಿ. ಸೊಂಟವೂ ತಿರುಗಿದರೆ ಬೆನ್ನಿನ ಮೇಲಿನ ತಿರುಚು ಕಡಿಮೆ.

ನೋವು ಪೂರ್ತಿ ಹೋಗುವ ತನಕ ಓವರ್‌ಸ್ಪೀಡ್ ಬೇಡ. ಹೋದ ಮೇಲೆ 2–3 ಕೆಜಿ ಮೆಡಿಸಿನ್ ಬಾಲನ್ನು ಗೋಡೆಗೆ ಪಕ್ಕದಿಂದ ಎಸೆಯಿರಿ, ಎರಡೂ ಕಡೆಗೆ ಐದೈದು, ಮೂರು ಸೆಟ್. ನೋವು ಕಾಲಿಗೆ ಇಳಿದರೆ, ಜೋಮು ಹಿಡಿದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಸರ್, ಶಾಫ್ಟ್ ಬಗ್ಗೆ ಹೇಳಲಿಲ್ಲ.

ಕೋಚ್: ನಿಯಮದಲ್ಲಿ 48 ಇಂಚಿನ ತನಕ ಅವಕಾಶವಿದೆ. 2022ರಿಂದ ಸ್ಪರ್ಧೆಗಳು ಬೇಕೆಂದರೆ 46 ಇಂಚಿಗೆ ಮಿತಿ ಹಾಕಬಹುದು. ಅಂಗಡಿಯಲ್ಲಿ ಸಿಗುವ ಡ್ರೈವರ್‌ಗಳು ಸಾಮಾನ್ಯವಾಗಿ 45.5ರ ಆಸುಪಾಸು. ಅರ್ಧ ಇಂಚು ಉದ್ದ ಮಾಡಿದರೆ ಹೆಡ್ ತುಸು ವೇಗವಾಗಬಹುದು, ಆದರೆ 1.39ರಲ್ಲಿ ಹೊಡೆಯುವವರಿಗೆ ನಡುಮಧ್ಯೆ ತಾಗಿಸುವುದು ಇನ್ನೂ ಕಷ್ಟ. ನಿಮ್ಮ ಹಣ ಲಾಫ್ಟ್ (ಫೇಸ್ ಹಿಂದಕ್ಕೆ ಓರೆಯಾಗಿರುವ ಕೋನ) ಕಡೆ ಹೋಗಲಿ. 9 ಡಿಗ್ರಿ ಇದ್ದರೆ 10.5 ಅಥವಾ 12 ಹೊಡೆದು ನೋಡಿ, ಚೆಂಡನ್ನು ಎಡಹಿಮ್ಮಡಿಯ ಒಳಅಂಚಿಗೆ ನೇರವಾಗಿಟ್ಟು, ಕ್ಲಬ್ ಮೇಲೇರುತ್ತಾ ತಾಗುವಂತೆ ಮಾಡಿ. 90ರ ಆಸುಪಾಸಿನ ವೇಗದಲ್ಲಿ 5 ಡಿಗ್ರಿ ಕೆಳಮುಖವಾಗಿ ಹೊಡೆಯುವುದಕ್ಕೂ 5 ಡಿಗ್ರಿ ಮೇಲ್ಮುಖವಾಗಿ ಹೊಡೆಯುವುದಕ್ಕೂ ಸುಮಾರು 20 ಯಾರ್ಡ್ ವ್ಯತ್ಯಾಸ. ಫಿಟ್ಟಿಂಗ್‌ಗೆ (ನಿಮಗೊಪ್ಪುವ ಕ್ಲಬ್ ಆರಿಸಲು) ಹೋಗುವಾಗ ನಿಮ್ಮ ಈಗಿನ ಡ್ರೈವರ್ ಜೊತೆಗೆ ಒಯ್ದು, ಹಳೆಯದು ಹೊಸದು ಎರಡನ್ನೂ ಒಂದೇ ಚೆಂಡಿನಲ್ಲಿ ಹೊಡೆದು ಹೋಲಿಸಿ.