ಹೆಂಡತಿಗೆ ಕೀಮೋ ನಡೆಯುತ್ತಿದೆ, ಮನೆ ಸುಧಾರಿಸುವುದು ಹೇಗೆ?

ಕಾಪುವಿನವ

ನಮ್ಮದು ಕಾಪು ಹತ್ತಿರ ಮನೆ. ನಾನು ಸಹಕಾರಿ ಸೊಸೈಟಿಯಲ್ಲಿ ಕ್ಯಾಶಿಯರ್. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಮಗಳು ಒಂಬತ್ತನೇ ಕ್ಲಾಸು, ಮಗ ಮೂರನೇ ಕ್ಲಾಸು. ಅಮ್ಮನಿಗೆ 71, ಮಂಡಿನೋವು.

ಮೇ ತಿಂಗಳಲ್ಲಿ ಹೆಂಡತಿಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಯಿತು. ಎಡಬದಿ. ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಈಗ ಮಣಿಪಾಲದಲ್ಲಿ ಕೀಮೋ, 21 ದಿನಕ್ಕೊಂದರಂತೆ ಒಟ್ಟು 8. ಮೊದಲ ನಾಲ್ಕು ಆ ಕೆಂಪು ಮದ್ದಿನದ್ದು. ಎರಡು ಮುಗಿದಿದೆ, ಮೂರನೆಯದು ಬರುವ ಗುರುವಾರ. ಆಮೇಲೆ ರೇಡಿಯೇಷನ್ ಉಂಟು. ಡಾಕ್ಟರ ಮೇಲೆ ನಂಬಿಕೆ ಇದೆ. ನಾನು ಕೇಳುವುದು ಮನೆಯ ವಿಷಯ.

ಕಳೆದ ಕೀಮೋ ದಿನ ಬೆಳಿಗ್ಗೆ ಹೊರಟು ನಿಂತಿದ್ದೇವೆ, ಮಳೆ ಜಾಸ್ತಿ ಅಂತ ಡಿಸಿ ಶಾಲೆಗೆ ರಜೆ ಕೊಟ್ಟರು. ಮಗನನ್ನು ಹಿಡಿದು ಕೂರಿಸಲು ಅಮ್ಮನಿಂದ ಆಗುವುದಿಲ್ಲ. ಅಂಗಳದಲ್ಲಿ ಬಾವಿ ಉಂಟು. "ನಾನು ನೋಡಿಕೊಳ್ಳುತ್ತೇನೆ, ಪಪ್ಪ, ನೀವು ಹೋಗಿ" ಅಂದಳು ಮಗಳು. ಹೋದೆವು. ಡ್ರಿಪ್ ಮುಗಿಯುವವರೆಗೂ ನನ್ನ ಜೀವ ಬಾವಿಕಟ್ಟೆಯಲ್ಲೇ ಇತ್ತು.

ಕೀಮೋ ಆದ ಮೇಲೆ ನಾಲ್ಕು ದಿನ ಅವಳಿಗೆ ಅಡುಗೆಯ ವಾಸನೆಯೇ ಆಗುವುದಿಲ್ಲ. ಒಗ್ಗರಣೆ ಹಾಕಿದರೆ ವಾಂತಿ. ಈಗ ಬೋಟು ಕಡಲಿಗಿಳಿಯುವುದಿಲ್ಲ, ಮನೆಯಲ್ಲಿರುವುದು ಒಣಮೀನೇ. ಅದಿಲ್ಲದೆ ಮಗನಿಗೆ ಗಂಜಿ ಇಳಿಯುವುದಿಲ್ಲ. ಹಿಂದಿನ ಕೊಟ್ಟಿಗೆಯಲ್ಲಿ ಒಲೆ ಹಚ್ಚಿ ಸುಟ್ಟುಕೊಡುತ್ತೇನೆ. ಅದನ್ನೆಲ್ಲ ಹೇಗೋ ಮಾಡಬಹುದು.

ಮಗಳ ಶಾಲೆಯಲ್ಲಿ ಎರಡು ಜಡೆ ಕಡ್ಡಾಯ. ಇಷ್ಟು ವರ್ಷ ಹಾಕುತ್ತಿದ್ದದ್ದು ಅವಳಮ್ಮನೇ. ಎರಡನೇ ಕೀಮೋ ಹೊತ್ತಿಗೆ ಇವಳ ಕೂದಲೆಲ್ಲ ಉದುರಿತ್ತು. ತಲೆಗೆ ಬೈರಾಸು ಸುತ್ತಿಕೊಂಡು, ಜಗಲಿಯಲ್ಲಿ ಕೂತು, ಬಾಚಣಿಗೆಯ ತುದಿಯಲ್ಲಿ ಮಗಳ ಬೈತಲೆ ತೆಗೆಯುತ್ತಿದ್ದಳು. ಕೈ ನಡುಗುತ್ತಿತ್ತು. "ಬಿಡು, ನಾನು ಹಾಕುತ್ತೇನೆ" ಅಂತ ಬಾಚಣಿಗೆ ತೆಗೆದುಕೊಂಡೆ. ಅವಳು ಏನೂ ಹೇಳಲಿಲ್ಲ. ಅದಕ್ಕೂ ಮೊದಲು ಮೆಷಿನ್ ಮುಟ್ಟಬೇಡ ಅಂದಿದ್ದೆ. ಗಿರಾಕಿಗಳ ಫೋನೂ ನಾನೇ ಎತ್ತುತ್ತಿದ್ದೆ. ಅವತ್ತು ರಾತ್ರಿ ಹೇಳಿದಳು, "ನನ್ನನ್ನು ನೆಂಟರ ಹಾಗೆ ಕೂರಿಸಿದ್ದೀರಿ. ಇದು ನನ್ನದೂ ಮನೆ ಅಲ್ವಾ?" ಅವತ್ತಿನಿಂದ ನನಗೆ ನಿದ್ದೆ ಸರಿ ಇಲ್ಲ. ಸುಸ್ತಾಗಬಾರದು ಅಂತಲೇ ಮಾಡಿದ್ದು.

ಇನ್ನು ಮಗ. ಅವನಿಗೆ "ಅಮ್ಮನಿಗೆ ಹುಷಾರಿಲ್ಲ" ಅಂತ ಮಾತ್ರ ಹೇಳಿದ್ದೇವೆ. ಆ ಕಾಯಿಲೆ ಅಂಟುತ್ತದೆ ಅಂತ ಶಾಲೆಯಲ್ಲಿ ಯಾರೋ ಹೇಳಿದ್ದಾರಂತೆ. ಅಮ್ಮನ ಲೋಟ ಬೇರೆ ಇಟ್ಟದ್ದನ್ನೂ ನೋಡಿದ್ದಾನೆ. ಈಗ ಅವಳ ಹತ್ತಿರ ಮಲಗುವುದಿಲ್ಲ. ಭಾನುವಾರ ಆದರೆ ನೆಂಟರು, ಕೆಮ್ಮುವ ಮಕ್ಕಳನ್ನೂ ಕಟ್ಟಿಕೊಂಡು ಬರುತ್ತಾರೆ. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಸೊಸೆ ಕುಡಿಯಲೇಬೇಕು ಅಂತ ಅಮ್ಮನ ಹಟ. ಅವರದೂ ಪ್ರೀತಿಯೇ.

ಇದನ್ನು ದಾಟಿ ಬಂದವರು ಇದ್ದರೆ ಹೇಳಿ. ಯಾವುದನ್ನು ನಾನು ಮಾಡಬೇಕು, ಯಾವುದನ್ನು ಅವಳಿಗೆ ಬಿಡಬೇಕು?

ಸುರತ್ಕಲ್ ಅಕ್ಕ

ನನ್ನ ಮನೆಯವರಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ವಾರಕ್ಕೆ 5 ದಿನ ರೇಡಿಯೇಷನ್, ಆರೂವರೆ ವಾರ. ಮೊದಲ ಎರಡು ವಾರ ಎಲ್ಲ ನಾನೇ ಮಾಡುತ್ತೇನೆ ಅಂತ ಹೊರಟು, ಬಸ್ಸಿನಲ್ಲಿ ನಿಂತಲ್ಲೇ ತಲೆ ತಿರುಗಿ ಬಿದ್ದೆ.

"ಏನಾದರೂ ಬೇಕಿದ್ದರೆ ಹೇಳಿ" ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಹೇಳುವುದಲ್ಲ, ಅವರಿಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ ಮಾರಾಯ್ರೇ. ನಾವೇ ಹೆಸರಿಟ್ಟು ಕೇಳಬೇಕು. ನಾನು ಪಕ್ಕದ ಮನೆಯವರ ಹತ್ತಿರ, "ಮಂಗಳವಾರ ಮಧ್ಯಾಹ್ನದ ಸಾರು ನಿಮ್ಮದು" ಅಂದೆ. ಅವರಿಗೆ ಖುಷಿಯೇ ಆಯಿತು. ನೀವೂ ಇವತ್ತೇ ಒಂದು ಮನೆ ಗೊತ್ತು ಮಾಡಿ: ಗುರುವಾರ ರಜೆ ಇರಲಿ ಬಿಡಲಿ, ಮಗ ಅಲ್ಲಿಗೆ. ಅವನ ಬಟ್ಟೆ, ಪುಸ್ತಕ ಒಂದು ಚೀಲದಲ್ಲಿ ಹಿಂದಿನ ರಾತ್ರಿಯೇ ತುಂಬಿಸಿಡಿ. ಬಾವಿಗೆ ಬಲೆ ಹಾಕಿಸಿ, ಅದು ಹೇಗೂ ಬೇಕು.

ನೆಂಟರಿಗೆ ನೀವು ಹೇಳಬೇಡಿ. ಕುಟುಂಬದಲ್ಲಿ ಯಾರ ಮಾತು ನಡೆಯುತ್ತದೋ ಆ ಹಿರಿಯರಿಂದ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿಸಿ. ನಮ್ಮಲ್ಲಿ ದೊಡ್ಡ ಭಾವ ಒಂದೇ ಸಾಲು ಬರೆದರು, ಮರುದಿನದಿಂದ ಫೋನು ಮಾತ್ರ ಬಂತು.

ಡೇ ಕೇರ್ ಸಿಸ್ಟರ್, ಮಂಗಳೂರು

ಕೀಮೋ ಡೇ ಕೇರಿನಲ್ಲಿ 9 ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕ್ಯಾಲೆಂಡರಿನಲ್ಲಿ ಉಂಟು.

ಇಂಥ ಮದ್ದು ಹಾಕಿದ ಮೇಲೆ ಸಾಧಾರಣವಾಗಿ 7ರಿಂದ 14ನೇ ದಿನದ ಒಳಗೆ ಬಿಳಿ ರಕ್ತಕಣ ತುಂಬಾ ಇಳಿಯುತ್ತದೆ. ಆಗ ನೆಂಟರು ಬೇಡವೇ ಬೇಡ. ಮೂರನೇ ವಾರ ಹೆಚ್ಚಿನವರಿಗೆ ಒಳ್ಳೆಯ ವಾರ. ಹೊಲಿಗೆ, ದೇವಸ್ಥಾನ, ತಂಗಿಯ ಮನೆ, ಅವರಿಗೆ ಬೇಕಾದ್ದನ್ನು ಆ ವಾರಕ್ಕೆ ಇಡಿ. ಮೆಷಿನ್ ತುಳಿಯಬಹುದಾ ಅಂತ ಡಾಕ್ಟರ ಹತ್ತಿರ ಅವರೇ ಕೇಳಲಿ, ನೀವಲ್ಲ. ಎಡಗೈಗೆ ಸೂಜಿ ಚುಚ್ಚದ ಹಾಗೆ, ಆ ಕೈಯಲ್ಲಿ ನೀರಿನ ಕೊಡ ಎತ್ತದ ಹಾಗೆ ನೋಡಿಕೊಂಡರೆ ಆಯಿತು.

ಜ್ವರ 100.4 ದಾಟಿದರೆ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ. ಅವರನ್ನು ಕೇಳದೆ ಜ್ವರದ ಮಾತ್ರೆಯನ್ನೂ ಕೊಡಬೇಡಿ. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಇವತ್ತೇ ತನ್ನಿ. ಎಷ್ಟೋ ಜನ ಇದೊಂದರಲ್ಲಿ ತಡ ಮಾಡಿ ಐಸಿಯುಗೆ ಬಂದದ್ದನ್ನು ಕಂಡಿದ್ದೇನೆ.

ಕೀಮೋ ಆದ 48 ಗಂಟೆ ಅವರ ವಾಂತಿ ತಾಗಿದ ಬಟ್ಟೆಯನ್ನು ಗ್ಲೌಸ್ ಹಾಕಿ ಬೇರೆಯೇ ಒಗೆಯಿರಿ. ಟಾಯ್ಲೆಟ್ಟಿಗೆ ಎರಡು ಸಲ ನೀರು ಹಾಕಿ. ಅದು ಮದ್ದಿನ ಅಂಶಕ್ಕೆ, ಕಾಯಿಲೆ ಅಂಟುತ್ತದೆ ಅಂತ ಅಲ್ಲ. ಕ್ಯಾನ್ಸರ್ ಅಂಟುವುದಿಲ್ಲ. ಮಗನಿಗೆ ಆ ಹೆಸರನ್ನೇ ಹೇಳಿ. ಲೋಟ ಬೇರೆ ಇಟ್ಟದ್ದು ನಿನ್ನ ಶೀತ ಅಮ್ಮನಿಗೆ ಅಂಟದಿರಲಿ ಅಂತ, ಅಮ್ಮನದು ನಿನಗೆ ಅಂಟುತ್ತದೆ ಅಂತಲ್ಲ ಅನ್ನಿ. ಎಂಟು ವರ್ಷದ ಮಕ್ಕಳಿಗೆ ಅದು ಅರ್ಥವಾಗುತ್ತದೆ.

ಪಾಲೆ ಕಷಾಯ ಈ ವರ್ಷ ಬೇಡ. ಕೀಮೋ ನಡೆಯುವಾಗ ಲಿವರಿಗೆ ಈಗಾಗಲೇ ಕೆಲಸ ಜಾಸ್ತಿ. ಯಾವ ನಾಟಿ ಮದ್ದೂ ಡಾಕ್ಟರನ್ನು ಕೇಳದೆ ಬೇಡ. ಅವತ್ತಿನ ಮೆಂತೆ ಗಂಜಿ ಬಿಸಿಬಿಸಿ ತಿನ್ನಲಿ, ಅಮ್ಮನ ಮನಸ್ಸಿಗೂ ಸಮಾಧಾನ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪರ್ಸೆಂಟ್, ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿ.

ಕಡಿಯಾಳಿಯಿಂದ

ನಾನು ಪಿಯುಸಿಯಲ್ಲಿದ್ದಾಗ ನನ್ನಮ್ಮನಿಗೂ ಇದೇ ಆಗಿತ್ತು. ನಿಮ್ಮ ಮಗಳ "ನಾನು ನೋಡಿಕೊಳ್ಳುತ್ತೇನೆ" ಓದಿ ಕಣ್ಣು ತುಂಬಿತು. ನಾನೂ ದಿನಾ ಅದನ್ನೇ ಹೇಳುತ್ತಿದ್ದೆ. ಎಲ್ಲರೂ ಜಾಣೆ ಅಂದರು. ನನ್ನ ಟೆಸ್ಟು ಹೇಗಾಯಿತು ಅಂತ ಯಾರೂ ಕೇಳಲಿಲ್ಲ. ರಾತ್ರಿ ಕಂಬಳಿಯೊಳಗೆ ಮೊಬೈಲಿನಲ್ಲಿ "ಅಮ್ಮ ಬದುಕುತ್ತಾರಾ" ಅಂತ ಹುಡುಕುತ್ತಿದ್ದೆ.

ರಿಪೋರ್ಟ್ ಬಂದಾಗ ಅವಳಿಗೂ ಹೇಳಿ, ಅಂಕಲ್. ಒಂದೇ ಒಂದು ಕೆಲಸ ಅವಳದ್ದು ಅಂತ ಇರಲಿ, ಉಳಿದದ್ದು ಅವಳ ತಲೆ ಮೇಲೆ ಬೇಡ. ಬಾಚಣಿಗೆಯನ್ನು ಆಂಟಿಗೆ ವಾಪಸ್ ಕೊಡಿ. ಅಮ್ಮ ಜಡೆ ಹಾಕುವ ಹತ್ತು ನಿಮಿಷ ನನಗೆ ಬೇಕಿತ್ತು.

ಕಾಪುವಿನವ

ಎಲ್ಲರಿಗೂ ಇವತ್ತು ಉತ್ತರ ಬರೆಯುತ್ತಿದ್ದೇನೆ, ತಡವಾಯಿತು. ಮೂರನೇ ಕೀಮೋ ಮುಗಿಯಿತು. ಮಗ ಎರಡು ಮನೆ ಆಚೆ ಇದ್ದ, ಬಾವಿಗೆ ಬಲೆ ಬಂತು.

ಅಮಾವಾಸ್ಯೆಗೆ ಅಮ್ಮ ನಮಗೆಲ್ಲ ಕಷಾಯ ಕೊಟ್ಟರು. ಅವಳಿಗೆ ಮೆಂತೆ ಗಂಜಿ ಮಾತ್ರ. ಒಂದು ಬಟ್ಟಲು ಪೂರ್ತಿ ತಿಂದಳು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮಗನಿಗೆ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಕೈ ತೊಳೆದರೆ ಹತ್ತಿರ ಹೋಗಬಹುದಾ?" ಅಂತ ಕೇಳಿದ. ಈಗ ಮನೆಗೆ ಯಾರು ಬಂದರೂ ಸೋಪು ಹಿಡಿದುಕೊಂಡು ನಿಲ್ಲುತ್ತಾನೆ.

ಇವತ್ತು ಬೆಳಿಗ್ಗೆ ಬಲಗಡೆಯ ಜಡೆ ಅವಳು ಹಾಕಿದಳು. ಅಷ್ಟಕ್ಕೇ ಸುಸ್ತಾಯಿತು, "ಇನ್ನೊಂದು ನೀವು ಹಾಕಿ" ಅಂತ ಅವಳೇ ಬಾಚಣಿಗೆ ಕೊಟ್ಟಳು. ನಾನು ಹಾಕಿದ್ದು ಎರಡು ಬೆರಳು ಕೆಳಗೆ ಬಂತು. ಬಿಚ್ಚಿ ಮತ್ತೆ ಹಾಕುತ್ತೇನೆ ಅಂದರೆ ಮಗಳು ಬಿಡಲಿಲ್ಲ. ಹಾಗೇ ಕೊಡೆ ಬಿಡಿಸಿ ಶಾಲೆಗೆ ಹೋದಳು.