ಅಪ್ಪನ 2021-22ರ ಆದಾಯ ತೆರಿಗೆ ರಿಟರ್ನ್ ಈಗ ಹಾಕಬಹುದಾ? ಅನುಭವ ಇದ್ದವರು ತಿಳಿಸಿ

ಅಪ್ಪ ನಿವೃತ್ತರು, ಆಗ 68 ವರ್ಷ. 2021-22ನೇ ಸಾಲಿನಲ್ಲಿ ಬ್ಯಾಂಕಿಗೆ 15ಎಚ್ (ತೆರಿಗೆ ಬೀಳಲ್ಲ ಅಂತ ಹಿರಿಯರು ಬರೆದುಕೊಡುವ ಫಾರ್ಮ್) ಕೊಟ್ಟಿರಲಿಲ್ಲ, ಎಫ್‌ಡಿ ಬಡ್ಡಿಯಲ್ಲಿ 14 ಸಾವಿರ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದರು. 2022ರ ಜೂನ್‌ನಲ್ಲಿ ಬೈಪಾಸ್ ಆಯಿತು, ವರ್ಷಪೂರ್ತಿ ಓಡಾಟ. ರಿಟರ್ನ್ ಹಾಕಲೇ ಇಲ್ಲ. ಪಿಂಚಣಿ, ಬಡ್ಡಿ ಎಲ್ಲ ಸೇರಿದರೂ ಆದಾಯ ನಾಲ್ಕು ಲಕ್ಷ ದಾಟಲ್ಲ. ಅಪ್‌ಡೇಟೆಡ್ ರಿಟರ್ನ್ (ಗಡುವು ಮುಗಿದ ಮೇಲೆ ಹಾಕುವ ರಿಟರ್ನ್) ಹಾಕಿ ಅಂತ ಒಬ್ಬರು ಹೇಳಿದರು. ದುಡ್ಡು ವಾಪಸ್ ಬರುತ್ತಾ?

*

ಮೇಡಂ, ಅಪ್‌ಡೇಟೆಡ್ ರಿಟರ್ನ್‌ನಲ್ಲಿ ರಿಫಂಡ್ ಕೇಳುವ ಹಾಗಿಲ್ಲ. ಅದು ತೆರಿಗೆ ಬಾಕಿ ಇರುವವರಿಗೆ. ತಡವಾದ ರಿಟರ್ನ್ ಹಾಕುವ ಗಡುವೂ 2022ರ ಡಿಸೆಂಬರ್ 31ಕ್ಕೆ ಮುಗಿದಿದೆ. ನಿಮಗೆ ಉಳಿದಿರುವ ದಾರಿ, ತಡವಾದದ್ದನ್ನು ಮನ್ನಿಸಿ ಅಂತ ಆದಾಯ ತೆರಿಗೆ ಕಾಯ್ದೆಯ 119(2)(ಬಿ) ಸೆಕ್ಷನ್ ಅಡಿ ಅರ್ಜಿ ಹಾಕುವುದು. ನಮ್ಮ ಮಾವನವರಿಗೆ ಇದನ್ನೇ ಮಾಡಿಸಿದೆವು, ದುಡ್ಡು ಬಂತು.

ತೆರಿಗೆ ಮಂಡಳಿಯ 2024ರ ಅಕ್ಟೋಬರ್ 1ರ ಸುತ್ತೋಲೆ ಪ್ರಕಾರ, ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಸಾಲಿನ ಮುಂದಿನ ಸಾಲು) ಮುಗಿದ ಮೇಲೆ 5 ವರ್ಷದೊಳಗೆ ಅರ್ಜಿ ಹಾಕಬೇಕು. ನಿಮ್ಮದು 2022-23ರ ಅಸೆಸ್‌ಮೆಂಟ್ ವರ್ಷ, ಅಂದರೆ 2028ರ ಮಾರ್ಚ್ 31ರವರೆಗೆ ಅವಕಾಶ ಇದೆ. ಆದರೂ ಕಾಯಬೇಡಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸರ್ವೀಸಸ್ ಒಳಗೆ ಕಂಡೋನೇಷನ್ ರಿಕ್ವೆಸ್ಟ್ ಅಂತ ಇದೆ, ಅದೇ ಈ ಅರ್ಜಿ.

ಎಲ್ಲ ನಿಂತಿರುವುದು ನೀವು ಕೊಡುವ ಕಾರಣದ ಮೇಲೆ. ಸುಮ್ನೆ ‘ಅನಾರೋಗ್ಯ’ ಅಂತ ಬರೆದರೆ ಸಾಲದು. 2022ರ ಜುಲೈ 31ಕ್ಕೆ ಮತ್ತು ಡಿಸೆಂಬರ್ 31ಕ್ಕೆ ಯಾಕೆ ಹಾಕಲಾಗಲಿಲ್ಲ ಅನ್ನುವುದಕ್ಕೆ ಉತ್ತರ ಅದರಲ್ಲಿರಬೇಕು. ಮಾವನವರ ಮೊದಲ ಕರಡಿನಲ್ಲಿ ಕಾಯಿಲೆಯ ಕಥೆ ಎರಡು ಪುಟ ಇತ್ತು, ತಾರೀಖು ಒಂದೂ ಇರಲಿಲ್ಲ. ಆಮೇಲೆ ಅಡ್ಮಿಟ್ ಆದ ದಿನ, ಡಿಸ್ಚಾರ್ಜ್ ಆದ ದಿನ, ನಂತರದ ತಪಾಸಣೆಗಳು, ಇಷ್ಟನ್ನೇ ಸಾಲಾಗಿ ಬರೆದೆವು. ಡಿಸ್ಚಾರ್ಜ್ ಸಮ್ಮರಿ, ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್, 26ಎಎಸ್ (ಪ್ಯಾನ್ ಮೇಲೆ ಕಟ್ಟಿದ ತೆರಿಗೆಯ ಪಟ್ಟಿ), ಆದಾಯದ ಲೆಕ್ಕ ಜೊತೆಗಿಟ್ಟೆವು. ನಿಮ್ಮಪ್ಪನದು ಜೂನ್‌ನಲ್ಲೇ ಆಪರೇಷನ್ ಆಗಿರುವುದರಿಂದ ಕಾರಣ ಗಟ್ಟಿಯಾಗಿದೆ. ಡಿಸೆಂಬರ್‌ವರೆಗಿನ ಚೀಟಿಗಳನ್ನೂ ಹುಡುಕಿಡಿ.

ಒಂದು ಕೋಟಿಯೊಳಗಿನ ಮೊತ್ತಕ್ಕೆ ಪ್ರಿನ್ಸಿಪಲ್ ಕಮಿಷನರ್ ತೀರ್ಮಾನಿಸುತ್ತಾರೆ. ಸಾಧ್ಯವಾದಷ್ಟು 6 ತಿಂಗಳಲ್ಲಿ ಮುಗಿಸಬೇಕು ಅಂತ ಸುತ್ತೋಲೆಯಲ್ಲೇ ಇದೆ. ಒಪ್ಪಿಗೆ ಆದೇಶ ಕೈಗೆ ಬಂದ ಮೇಲೆ ಅದರ ವಿವರ ಕೊಟ್ಟು ರಿಟರ್ನ್ ಹಾಕಿ. ಹಾಕಿದ 30 ದಿನದೊಳಗೆ ಇ-ವೆರಿಫೈ ಮಾಡಬೇಕು. ಅಪ್ಪನ ಆಧಾರ್‌ಗೆ ಹಳೇ ಮೊಬೈಲ್ ನಂಬರ್ ಇದ್ದರೆ ಓಟಿಪಿ ಬರುವುದಿಲ್ಲ, ಅದನ್ನು ಈಗಲೇ ಸರಿಮಾಡಿಸಿ. ರಿಫಂಡ್ ಬರುವ ಬ್ಯಾಂಕ್ ಖಾತೆಯನ್ನು ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಮಾಡಿಸಿರಬೇಕು. ಇಷ್ಟು ತಡವಾದ ರಿಫಂಡಿಗೆ ಬಡ್ಡಿ ಸಿಗಲ್ಲ, ಅಸಲು 14 ಸಾವಿರ ಮಾತ್ರ.

*

ಮೇಲಿನವರು ಹೇಳಿದ್ದು ಸರಿ. ತೆರಿಗೆ ಬಾಕಿ ಇರುವವರಿಗೆ ನನ್ನ ತಮ್ಮನ ಅನುಭವ ಹೇಳುತ್ತೇನೆ. ಅವನು 2022-23ರಲ್ಲಿ ಬೆಂಗಳೂರಲ್ಲಿ ಕೆಲಸ ಬದಲಿಸಿದ. ಎರಡೂ ಕಂಪನಿಯವರು ತೆರಿಗೆ ವಿನಾಯಿತಿಯ ಮೊತ್ತವನ್ನು ಬೇರೆ ಬೇರೆಯಾಗಿ ಕಳೆದು ಟಿಡಿಎಸ್ ಹಿಡಿದಿದ್ದರಿಂದ ತೆರಿಗೆ ಕಡಿಮೆ ಬಿತ್ತು. ಅವನಿಗೆ ಅಪ್‌ಡೇಟೆಡ್ ರಿಟರ್ನೇ ಸರಿಹೋಯಿತು. ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ಮೊದಲ 12 ತಿಂಗಳಲ್ಲಿ ಹಾಕಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ 25 ಹೆಚ್ಚುವರಿ, ಎರಡನೇ ವರ್ಷ ಶೇ 50, ಮೂರನೇ ವರ್ಷ 60, ನಾಲ್ಕನೇ ವರ್ಷ 70. ಅವನು ಎರಡನೇ ವರ್ಷದಲ್ಲಿ ಹಾಕಿದ, ಜಾಸ್ತಿಯೇ ಕಟ್ಟಬೇಕಾಯಿತು. ಆ ವರ್ಷದ ಲೆಕ್ಕದ ತಪಾಸಣೆಯನ್ನು ಇಲಾಖೆ ಶುರುಮಾಡಿಬಿಟ್ಟರೆ ಈ ದಾರಿಯೂ ಮುಚ್ಚಬಹುದು. ಹಾಗಾಗಿ ಪೋರ್ಟಲ್‌ನಲ್ಲಿ ನೋಟಿಸ್ ಏನಾದರೂ ಬಂದಿದೆಯಾ ಅಂತ ಮೊದಲು ನೋಡಿ, ಆಮೇಲೆ ಲೆಕ್ಕಕ್ಕೆ ಕೂರಿ.