ಭೂಮಿಯ ಒಳಪದರಗಳ ಮಾದರಿ: ಮ್ಯಾಂಟಲ್‌ಗೆ ಲಾವಾದ ಬಣ್ಣ ಹಚ್ಚಬಹುದಾ?

ಅಘನಾಶಿನಿ_ದಡ (ಕುಮಟಾ):
ನಮಸ್ಕಾರ. ಒಂಬತ್ತನೇ ಕ್ಲಾಸಿನ ಮಕ್ಕಳಿಂದ ವಿಜ್ಞಾನ ಪ್ರದರ್ಶನಕ್ಕೆ ಭೂಮಿಯ ಒಳರಚನೆ ಮಾಡಿಸಬೇಕು. ಪ್ಲೈವುಡ್ ಮೇಲೆ ಅರ್ಧವೃತ್ತ ಬರೆದು, 1 ಸೆಂ.ಮೀ.ಗೆ 100 ಕಿ.ಮೀ. ಅಳತೆ ಇಡೋಣ ಅಂತ. ಮ್ಯಾಂಟಲ್ (ಹೊರಪದರಕ್ಕೂ ನಡುವಿನ ಕೋರ್‌ಗೂ ಮಧ್ಯದ ಪದರ) ಪೂರ್ತಿ ಕರಗಿದ ಲಾವಾ ಹೌದಾ? ಹೊರಪದರದ ಮಾದರಿಗೆ ನಮ್ಮೂರ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಇಟ್ಟರೆ ಸರಿಯಾ? ಯಾರೂ ಒಳಗೆ ಹೋಗಿಲ್ಲ, ಹೇಗೆ ಗೊತ್ತಾಯ್ತು ಅಂತ ಕೇಳಿದರೆ ಮಕ್ಕಳು ಏನು ಹೇಳಬೇಕು?

ಕಾಳಿ_ಕಣಿವೆ:
ಮೊದಲು ಅಳತೆ ನೋಡಿ. ಭೂಮಿಯ ತ್ರಿಜ್ಯ 6371 ಕಿ.ಮೀ. ನಿಮ್ಮ ಲೆಕ್ಕದಲ್ಲಿ ಅರ್ಧವೃತ್ತದ ಅಗಲ 127.4 ಸೆಂ.ಮೀ. ಆಗುತ್ತದೆ. ನಾಲ್ಕಡಿ ಹಲಗೆ ಬರೀ 122 ಸೆಂ.ಮೀ., ಅಂಚಿನಲ್ಲಿ ಸಾಲುವುದಿಲ್ಲ. 1 ಸೆಂ.ಮೀ.ಗೆ 110 ಕಿ.ಮೀ. ಇಟ್ಟುಕೊಳ್ಳಿ. ಮೊಳೆಗೆ ದಾರ ಕಟ್ಟಿ ಒಂದೇ ಕೇಂದ್ರದಿಂದ ಎಳೆಯಬೇಕಾದ ತ್ರಿಜ್ಯಗಳು: ಒಳ ಕೋರ್ 11.1, ಹೊರ ಕೋರ್ ಅಂಚು 31.6, ಭೂಮಿಯ ಮೇಲ್ಮೈ 57.9 ಸೆಂ.ಮೀ. ದಾರ ಜಗ್ಗಿದರೆ ಗೆರೆ ಸೊಟ್ಟ ಬರುತ್ತದೆ, ಮರದ ಪಟ್ಟಿಗೆ ತೂತು ಕೊರೆದು ಪೆನ್ಸಿಲ್ ಸಿಕ್ಕಿಸುವುದೇ ವಾಸಿ.

ತಪ್ಪಾಗುವುದು ಹೆಚ್ಚಾಗಿ ಹೊರಪದರದಲ್ಲಿ. ಭೂಖಂಡದಡಿ ಅದು ಸರಾಸರಿ 35-40 ಕಿ.ಮೀ., ಹೆಚ್ಚು ಕಡಿಮೆ ಕಾರವಾರದಿಂದ ಅಂಕೋಲೆಯಷ್ಟು ದೂರ. ಹಲಗೆಯ ಮೇಲೆ ಬರೀ ಮೂರೂವರೆ ಮಿ.ಮೀ.! ಸಾಗರದಡಿಯದು 6-7 ಕಿ.ಮೀ., ಅಂದರೆ ಒಂದು ಪೆನ್ಸಿಲ್ ಗೆರೆ. ಚೆಂದ ಕಾಣಲಿ ಅಂತ ಎರಡಿಂಚು ದಪ್ಪ ಬಳಿದರೆ ಮಾದರಿ ಮಾಡಿದ್ದೇ ವ್ಯರ್ಥ. ಮನುಷ್ಯ ಕೊರೆದ ಅತಿ ಆಳದ ಬಾವಿ, ರಷ್ಯಾದ ಕೋಲಾದ್ದು, 12,262 ಮೀಟರ್. ನಿಮ್ಮ ಹಲಗೆಯಲ್ಲಿ ಅದು 1.1 ಮಿ.ಮೀ. ಒಂದು ಗುಂಡುಸೂಜಿಯ ತುದಿ ಅಲ್ಲಿ ಚುಚ್ಚಿ ತೋರಿಸಿ. ತಳದಲ್ಲಿ 180 ಡಿಗ್ರಿ ಸೆಲ್ಸಿಯಸ್ ಕಾವು ಸಿಕ್ಕಿ ಮುಂದೆ ಹೋಗಲಾಗಲಿಲ್ಲ.

ಶಿರಸಿ_ಕಲ್ಲುಕ್ವಾರಿ:
ಮ್ಯಾಂಟಲ್ ಲಾವಾ ಅಲ್ಲ ಸರ್, ಗಟ್ಟಿ ಬಂಡೆ. ಇದನ್ನು ಮಕ್ಕಳಿಗೆ ಒತ್ತಿ ಹೇಳಿ. ಭೂಕಂಪದ ಎಸ್ ಅಲೆ (ಅಡ್ಡಡ್ಡ ಅಲುಗಿಸುತ್ತಾ ಸಾಗುವ ಅಲೆ) ದ್ರವದಲ್ಲಿ ಸಾಗುವುದಿಲ್ಲ. ಮ್ಯಾಂಟಲ್‌ನೊಳಗೆ ಅದು 2890 ಕಿ.ಮೀ. ಆಳದವರೆಗೂ ಸಲೀಸಾಗಿ ಹೋಗಿ, ಕೋರ್ ಅಂಚಿನಲ್ಲಿ ನಿಂತೇ ಹೋಗುತ್ತದೆ. ಅಲ್ಲೇ ಪಿ ಅಲೆಯ (ಹಿಂದೆ ಮುಂದೆ ಒತ್ತುತ್ತಾ ಸಾಗುವ, ದ್ರವದಲ್ಲೂ ಹೋಗುವ ಅಲೆ) ವೇಗವೂ ಸೆಕೆಂಡಿಗೆ 13.7 ಕಿ.ಮೀ.ಯಿಂದ 8ಕ್ಕೆ ಇಳಿಯುತ್ತದೆ. ಹೊರ ಕೋರ್ ದ್ರವ ಅನ್ನುವುದಕ್ಕೆ ಸಾಕ್ಷಿ ಅದು. ಅದರೊಳಗೆ ಇನ್ನೊಂದು ಗೋಳ, ಅಂದರೆ ಒಳ ಕೋರ್, ಇದೆ ಅಂತ 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್, ಅಲೆ ಬರಬಾರದ ನೆರಳು ವಲಯದಲ್ಲಿ ಬಂದ ಪಿ ಅಲೆಗಳಿಂದ ಹಿಡಿದರು.

ಗಟ್ಟಿ ಇದ್ದೂ ಹರಿಯುವುದು ಹೇಗೆ? ಡಾಂಬರಿನ ಗಟ್ಟಿ ನೋಡಿ: ಸುತ್ತಿಗೆಯಿಂದ ಹೊಡೆದರೆ ಒಡೆಯುತ್ತದೆ, ಹಾಗೇ ಬಿಟ್ಟರೆ ನಿಧಾನಕ್ಕೆ ಹರಡಿಕೊಳ್ಳುತ್ತದೆ. ಮ್ಯಾಂಟಲ್ ಬಂಡೆ ವರ್ಷಕ್ಕೆ ಕೆಲವೇ ಸೆಂ.ಮೀ. ಜರುಗುತ್ತದೆ. ಮೇಲೇರಿ ಒತ್ತಡ ಕಡಿಮೆಯಾದ ಕಡೆ, ಇಲ್ಲವೇ ನೀರಿನಂಶ ಸೇರಿದ ಕಡೆ ಮಾತ್ರ ಸ್ವಲ್ಪ ಪಾಲು ಕರಗುತ್ತದೆ. ಮೇಲಿನ ಮ್ಯಾಂಟಲ್‌ಗೆ ಹಸಿರು ಹಚ್ಚಿ, ಅದರ ಮುಖ್ಯ ಖನಿಜ ಆಲಿವಿನ್ ಹಸಿರೇ. 660 ಕಿ.ಮೀ. ಆಳಕ್ಕೆ (ಕೇಂದ್ರದಿಂದ 51.9 ಸೆಂ.ಮೀ.) ಒಂದು ಗೆರೆ ಎಳೆಯಿರಿ, ಅಲ್ಲಿಂದ ಕೆಳಗೆ ಖನಿಜಗಳು ಇನ್ನೂ ಒತ್ತಾದ ರೂಪಕ್ಕೆ ಬದಲಾಗುತ್ತವೆ. ಒಳ ಕೋರ್ ಅಷ್ಟು ಕಾವಿನಲ್ಲೂ ಗಟ್ಟಿ ಇರುವುದು ಒತ್ತಡದಿಂದ. ಕೇಂದ್ರದಲ್ಲಿ ಅದು ಸುಮಾರು 36 ಲಕ್ಷ ವಾಯುಭಾರ.

ಕಾಳಿ_ಕಣಿವೆ:
ಚಿರೆಕಲ್ಲು ಇಡಿ, ಆದರೆ "ಹೊರಪದರದ ಕಲ್ಲು" ಅಂತ ಚೀಟಿ ಅಂಟಿಸಬೇಡಿ. ಮಳೆ ನೀರು ಸಿಲಿಕಾ ತೊಳೆದುಕೊಂಡು ಹೋಗಿ, ಕಬ್ಬಿಣ-ಅಲ್ಯುಮಿನಿಯಂ ಉಳಿದದ್ದು ಅದು. ಬಾವಿ ತೋಡುವಾಗ ಚಿರೆಯ ಕೆಳಗೆ ಶೇಡಿ (ಮೆತ್ತನೆಯ ಜೇಡಿ), ಅದರ ಕೆಳಗೆ ಗಟ್ಟಿ ಶಿಲೆ ಸಿಗುತ್ತದಲ್ಲ, ಆ ಗ್ರಾನೈಟ್ ಜಾತಿಯ ಶಿಲೆಯೇ ಸರಿಯಾದ ಮಾದರಿ. ಕೆಂಪು ಬಣ್ಣ ಕೋರ್‌ನಿಂದ ಬಂದ ಕಬ್ಬಿಣದ್ದು ಅಂತ ಮಕ್ಕಳು ಬರೆದುಬಿಡುತ್ತಾರೆ, ನೋಡಿಕೊಳ್ಳಿ.

"ಹೇಗೆ ಗೊತ್ತು" ಅನ್ನುವುದಕ್ಕೆ ಅಲೆಗಳ ಜೊತೆ ತೂಕವನ್ನೂ ತೋರಿಸಿ. ಕಲ್ಲನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ಗಾಳಿಯಲ್ಲಿ ಒಮ್ಮೆ, ಪೂರ್ತಿ ನೀರಲ್ಲಿ ಮುಳುಗಿಸಿ ಒಮ್ಮೆ ತೂಗಿ. 540 ಗ್ರಾಂ ಇದ್ದದ್ದು 340 ಆಯಿತು ಅನ್ನಿ. ಕಡಿಮೆಯಾದದ್ದು 200. 540 ಭಾಗಿಸು 200, ಸಾಂದ್ರತೆ ಘನ ಸೆಂ.ಮೀ.ಗೆ 2.7 ಗ್ರಾಂ. ಕರೀ ಜಲ್ಲಿ ಕಲ್ಲು 3ರ ಹತ್ತಿರ ಬರುತ್ತದೆ. ಆದರೆ ಇಡೀ ಭೂಮಿಯ ಸರಾಸರಿ 5.51. 1798ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಕ್ಯಾವೆಂಡಿಶ್ ಮಾಡಿದ ಪ್ರಯೋಗದಿಂದ ಇದರ ಹತ್ತಿರದ ಅಂಕಿ ಸಿಕ್ಕಿತ್ತು. ಮೇಲಿನ ಕಲ್ಲು ಇಷ್ಟು ಹಗುರ ಅಂದಮೇಲೆ ಒಳಗೆ ತುಂಬಾ ಭಾರದ್ದು ಇರಲೇಬೇಕು: ಕಬ್ಬಿಣ, ಜೊತೆಗೆ ನಿಕ್ಕಲ್. ಕೋರ್‌ನ ಗಾತ್ರ ಭೂಮಿಯ ಆರರಲ್ಲೊಂದು ಪಾಲು, ತೂಕ ಮೂರರಲ್ಲೊಂದು.

ಅಘನಾಶಿನಿ_ದಡ (ಕುಮಟಾ):
ತುಂಬಾ ಉಪಕಾರ. ಚಿರೆಕಲ್ಲನ್ನೂ ಹೀಗೇ ತೂಗಬಹುದಾ?

ಶಿರಸಿ_ಕಲ್ಲುಕ್ವಾರಿ:
ಒಣ ಚಿರೆಕಲ್ಲು ತೂಗುತ್ತಿದ್ದಂತೆ ನೀರು ಕುಡಿಯುತ್ತದೆ, ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ. ಒಣಗಿದ ತೂಕ ಬರೆದಿಟ್ಟು, ಮೇಲೆ ತೆಳ್ಳಗೆ ಮೇಣ ಹಚ್ಚಿ ಆಮೇಲೆ ಮುಳುಗಿಸಿ. ಯಾವ ಕಲ್ಲೇ ಆಗಲಿ ಬಕೆಟ್ಟಿನ ತಳಕ್ಕೆ ತಾಗಬಾರದು, ತಾಗಿದರೆ ಸಾಂದ್ರತೆ ಕಡಿಮೆ ಬರುತ್ತದೆ. ಅಂಟಿಕೊಂಡ ಗಾಳಿಗುಳ್ಳೆ ಇದ್ದರೂ ಅದೇ ಗತಿ, ಬೆರಳಲ್ಲಿ ಸವರಿ ತೆಗೆಯಿರಿ.